ಉಪ್ಪಿನ ವಾಸನೆ

ಗೋಧಿ ಹಿಟ್ಟಿನಲ್ಲಿ ಮುದ್ದೆ ಮಾಡಿದವರನ್ನು ನೀವು ನೋಡಿರಲಾರಿರಿ. ಕೊಳ್ಳೇಗಾಲದ ವೀರಮ್ಮ ಮಾಡಿದಳು. ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ಅದು. ಹನೂರಿನ ಹೊಲದಲ್ಲಿ ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಕಡ್ಡಾಯವಾಗಿ ಅಳೆಯಬೇಕಾದ ಲೆವಿ ಕಳೆದು ಮನೆಗೆ ಬಂದದ್ದು ಆಷಾಢಕ್ಕೇ ತಳ ಕಂಡಿತ್ತು. ಸೊಸೆಯ ತವರು ಯಳಂದೂರಿನಲ್ಲಿ ಭತ್ತಕ್ಕೇನೂ ಬರವಿರಲಿಲ್ಲ. ಆದರೆ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದರಾಸು ಸೀಮೆ, ನಡುವೆ ಗಡಿಯ ಚೌಕಿ. ಮಗಳ ಮನೆಗೆಂದು ಒಂದು ಮೂಟೆ ಅಕ್ಕಿಯನ್ನು ಗಾಡಿಗೆ ಹಾಕಿದರೂ ಅದು ಕಳ್ಳಸಾಗಣೆ. ಹಾಗಾಗಿ ರೇಷನ್ ಡಿಪೋದವರು ಅಳೆದು ಕೊಟ್ಟ ಒಂದಿಷ್ಟು ಅಕ್ಕಿ, ಮಿಕ್ಕಂತೆ ಗೋಧಿಯೇ ಗತಿಯಾಯಿತು.

ಹುಟ್ಟಿದಾಗಿನಿಂದ ಮುದ್ದೆ ತೊಳಸಿದ ಕೈ. ರಾಗಿಗೆ ಮಾಡಿದ ಹಾಗೆಯೇ ವೀರಮ್ಮ ಎಸರು ಕುದಿಸಿ, ಗೋಧಿ ಹಿಟ್ಟು ಸುರಿದು, ಕೋಲು ಹಾಕಿದಳು. ಹಿಟ್ಟು ಕೋಲನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಸೊಸೆ ಶಿವರತ್ನಮ್ಮ ಮಡಕೆಯನ್ನು ಕಾಲಿನಲ್ಲಿ ಒತ್ತಿ ಹಿಡಿದಳು, ಅತ್ತೆ ಕೋಲನ್ನು ಎಳೆದಳು. ಕೋಲಿನ ಜೊತೆ ಮಡಕೆಯೂ ಮೇಲೆದ್ದಿತು.

ತಟ್ಟೆಗೆ ಬಿದ್ದ ಆ ಪದಾರ್ಥವನ್ನು ವೀರಮ್ಮನ ಗಂಡ ಸಿದ್ದಮಲ್ಲಪ್ಪ ಬೆರಳಿನಿಂದ ಎಳೆದು ನೋಡಿದ. ರೇಷ್ಮೆಗೂಡಿನ ವ್ಯಾಪಾರಿ ಅವನು. ಎಳೆ ಕಂಡರೆ ಕೈ ತಾನಾಗಿ ಹೋಗುತ್ತದೆ.

"ನೂಲು ಚೆನ್ನಾಗಿ ಬತ್ತದೆ ಕಣೆ ವೀರಿ. ಚರಕಕ್ಕೆ ಆಕಬೋದು" ಅಂದ.

"ಉಣ್ಣಾದಾದ್ರೆ ಉಣ್ಣಿ. ಇಲ್ದಿದ್ರೆ ಏಳಿ" ಎಂದು ವೀರಮ್ಮ ಗದರಿದಳು.

ಕಿರಿಯ ಮಗ ಚಿಕ್ಕಮಾದಪ್ಪ ಬಿದ್ದು ಬಿದ್ದು ನಕ್ಕ. ಯುದ್ಧಕಾಲದಲ್ಲಿ ಪಂಜಾಬಿನ ಕಡೆ ಸೈನ್ಯದ ಉಗ್ರಾಣದಲ್ಲಿ ಕೆಲಸ ಮಾಡಿ, ಆಗ ತಾನೇ ಬಿಡುಗಡೆಯಾಗಿ ಬಂದಿದ್ದವನು. "ಅವ್ವ, ಗೋದಿನ ಇಂಗೆ ಕೊಲ್ಲಬಾರದು. ಅಲ್ಲಿ ಅದಕ್ಕೆ ಕಡಲೆ ಇಟ್ನ ಬೆರೆಸಿ, ಈರುಳ್ಳಿ, ಮೆಣಸಿನಕಾಯಿ, ಓಮ ಎಲ್ಲಾ ಆಕಿ ರೊಟ್ಟಿ ಮಾಡ್ತಾರೆ. ಬಿಸಿ ಬಿಸಿದು ಕೈಗೆ ಬಂದ್ರೆ, ಅಯ್ಯೋ ಅವ್ವ, ಜೊತೆಗೆ ಸಾರೂ ಬ್ಯಾಡ ಪಲ್ಯವೂ ಬ್ಯಾಡ" ಅಂದ.

"ಅಂಗಾದ್ರೆ ಅಲ್ಲೇ ಇರಬೇಕಾಗಿತ್ತು" ಎಂದಳು ತಾಯಿ.

ಆ ನಗುವಿನಲ್ಲಿ ಇನ್ನೊಂದು ಸಂಗತಿ ಮುಚ್ಚಿಹೋಯಿತು. ಮುದ್ದೆಯ ಜೊತೆಗಿದ್ದ ಹುರುಳಿ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಹಿರಿಯ ಮಗ, ಶಿವರತ್ನಮ್ಮನ ಗಂಡ ಪುಟ್ಟಬಸಪ್ಪ ಮಾತ್ರ ಅದನ್ನು ಗಮನಿಸಿ ಹುಬ್ಬು ಗಂಟಿಕ್ಕಿದ. ಅವ್ವನ ಸಾರಿನಲ್ಲಿ ಉಪ್ಪಿಲ್ಲದಿರುವುದು ಅವನು ಹುಟ್ಟಿದ ಮೇಲೆ ಅದೇ ಮೊದಲು.

ವೀರಮ್ಮನ ಮೂಗಿನ ವಿಷಯ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಅದು ಲಿಂಗ ಕಟ್ಟಿದ ಮನೆ. ಲಿಂಗಕ್ಕೆ ತೋರಿಸದ ಅಡುಗೆಯನ್ನು ಮಾಡುವವಳು ನಾಲಿಗೆಗೆ ತಾಗಿಸುವಂತಿಲ್ಲ. ಸೌಟಿನಿಂದ ಅಂಗೈಗೆ ತೊಟ್ಟಿಕ್ಕಿಸಿಕೊಂಡು ನೆಕ್ಕುವ ಹೆಂಗಸರು ಬೇರೆ ಮನೆಗಳಲ್ಲಿ ಇದ್ದಾರು. ವೀರಮ್ಮನ ಒಲೆಯ ಮುಂದೆ ಅದು ನಡೆಯದು. ಉಪ್ಪು, ಹುಳಿ, ಖಾರ ಎಲ್ಲವೂ ಕುದಿಯುವ ಹಬೆಯಲ್ಲೇ ಗೊತ್ತಾಗಬೇಕು. ಉಪ್ಪಿಗೆ ಎಲ್ಲಿಯ ವಾಸನೆ ಅಂತ ನೀವು ಕೇಳಬಹುದು. ವೀರಮ್ಮನನ್ನು ಕೇಳಿದ್ದರೆ, ಉಪ್ಪಿಗೆ ಇಲ್ಲ, ಉಪ್ಪು ಬಿದ್ದ ಸಾರಿಗೆ ಇದೆ ಅನ್ನುತ್ತಿದ್ದಳು. ಒಮ್ಮೆ ಅವಳು ಬೀದಿಯಲ್ಲಿ ನಡೆದು ಹೋಗುತ್ತಾ ಗೋಡೆಯಾಚೆಯಿಂದಲೇ, "ಗೋವಿಂದಮ್ಮ, ನಿನ್ನ ಸಾರಿಗೆ ಉಪ್ಪು ಎರಡು ಸಲ ಬಿದ್ದದೆ ಕಣೆ" ಎಂದು ಕೂಗಿದ್ದಳಂತೆ. ಒಳಗಿದ್ದ ಗೋವಿಂದಮ್ಮ ಸೌಟು ಕೆಳಗೆ ಹಾಕಿದಳಂತೆ. ಈ ಮಾತು ನಿಜವೋ ಕಟ್ಟಿದ್ದೋ ನನಗೆ ಗೊತ್ತಿಲ್ಲ. ಆದರೆ ಬೀದಿಯ ಅರ್ಧ ಹೆಂಗಸರು ತಾವು ಅಲ್ಲೇ ಇದ್ದೆವು ಅನ್ನುತ್ತಾರೆ.

ಇಂಥ ಮೂಗಿಗೆ ಆ ವರ್ಷದ ಜ್ಯೇಷ್ಠದಲ್ಲಿ ಶೀತಜ್ವರ ಬಂತು. ಅವಳು ಮಲಗಿದ್ದಷ್ಟು ದಿನ ಮನೆಯವರು ಬರೀ ಗಂಜಿ ಕುಡಿದರು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು. ಎದ್ದ ದಿನವೇ ವೀರಮ್ಮ ಸ್ನಾನ ಮಾಡಿ ಒಲೆಯ ಮುಂದೆ ಕುಳಿತಳು. ಅವತ್ತಿನಿಂದ ಆ ಮನೆಯ ಅಡುಗೆಗೆ ಏನೋ ಹಿಡಿಯಿತು.

ಸೊಪ್ಪಿನ ಸಾರು ಒಂದು ದಿನ ಸಪ್ಪೆ, ಇನ್ನೊಂದು ದಿನ ಬಾಯಿಗಿಟ್ಟರೆ ಸಮುದ್ರ. ಒಗ್ಗರಣೆ ಸೀದು ಕಪ್ಪಾದರೂ ಸಾರಿಗೆ ಬೀಳುತ್ತಿತ್ತು. ಶ್ರಾವಣದಲ್ಲಿ ಕುಂತೂರಿನಿಂದ ಗೂಡು ತಂದ ರೈತರು ಊಟಕ್ಕೆ ಕುಳಿತಾಗ ಬೇಳೆ ಹುಳಿ ಎಷ್ಟು ಉಪ್ಪಾಗಿತ್ತೆಂದರೆ, ಅವರಲ್ಲೊಬ್ಬ ಮಜ್ಜಿಗೆಯನ್ನು ಅನ್ನಕ್ಕೆ ಹಾಕದೆ ಬರಿದೇ ಕುಡಿದ. ಪುಟ್ಟಬಸಪ್ಪನಿಗೆ ಮಾನ ಹೋದಂತಾಯಿತು. ರೈತರು ಕೈ ತೊಳೆದು ಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಏನವ್ವ, ಉಪ್ಪಿನ ಗಡಿಗೆ ಕೈ ಜಾರಿ ಬಿತ್ತಾ?"

"ಸರಿಯಾಗೇ ಆಕಿವ್ನಿ. ಅವರ ನಾಲ್ಗೆ ಕೆಟ್ಟದೆ."

"ಎಲ್ಲರ ನಾಲ್ಗೆಯೂ ಕೆಡ್ತಾ? ಮೊನ್ನೆ ನಂದು ಕೆಟ್ಟಿತ್ತು, ನೆನ್ನೆ ಅಪ್ಪಂದು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಂಗೆ ವಯಸ್ಸಾಯ್ತು. ಒಲೇನ ರತ್ನಂಗೆ ಬುಟ್ಕೊಟ್ಟು ಜಗಲಿ ಮ್ಯಾಲೆ ಕೂತ್ಕೋ."

ಸೌದೆ ಮುರಿಯುತ್ತಿದ್ದ ಶಿವರತ್ನಮ್ಮನ ಕೈ ನಿಂತಿತು. ವೀರಮ್ಮ ತಿರುಗಿ ನೋಡಲಿಲ್ಲ. "ನನ್ನ ಎಣ ಎತ್ತಿದ ಮ್ಯಾಲೆ ಅವಳೇ ಮಾಡ್ಲಿ. ಅಲ್ಲಿಗಂಟ ಈ ಒಲೆ ನಂದು" ಎಂದಳು. ಪಡಸಾಲೆಯಿಂದ ಸಿದ್ದಮಲ್ಲಪ್ಪ, "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಅಂತಾರೆ ಕಣ್ಲಾ. ನಮ್ಮ ಮನೇಲಿ ಎರಡೂ ಜಾಸ್ತಿಯಾಗವೆ, ಏನ್ಮಾಡಾದು" ಎಂದು ನಗಿಸಲು ನೋಡಿದ.

ಶಿವರತ್ನಮ್ಮನಿಗೆ ಆ ಒಲೆ ಬೇಕಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮದುವೆಯಾಗಿ ಬಂದು ಮೂರು ಮಕ್ಕಳ ತಾಯಿಯಾದರೂ ಅವಳ ಪಾಲಿಗೆ ಬಂದದ್ದು ಬೀಸುಕಲ್ಲು, ಒರಳು, ಮೊರ, ಬಾವಿ. ತವರಿಗೆ ಹೋದಾಗ ಅವಳ ತಾಯಿ, "ನೀನು ಮಾಡಿದ ಸಾರು ನಿನ್ನ ಗಂಡ ಇನ್ನೂ ಉಂಡೇ ಇಲ್ವಾ?" ಎಂದು ಬೆರಗಾಗುತ್ತಿದ್ದಳು. ಉಂಡಿರಲಿಲ್ಲ. ಯಳಂದೂರಿನ ಹೆಣ್ಣಿಗೆ ಇದೊಂದು ನೋಯುವ ಹಲ್ಲಾಗಿತ್ತು.

ಭಾದ್ರಪದದ ಒಂದು ಬೆಳಿಗ್ಗೆ ಅವಳು ಬಾವಿಯಿಂದ ಬಂದಾಗ ಅಡುಗೆಮನೆಯಿಂದ ಬಟ್ಟೆ ಸುಟ್ಟ ಘಾಟು ಹೊರಟಿತ್ತು. ಕೊಡ ಇಳಿಸಿ ಓಡಿದಳು. ಒಲೆಯ ಮಗ್ಗುಲಲ್ಲಿ ಇಟ್ಟಿದ್ದ ಮಸಿಬಟ್ಟೆ ಕೆಂಡ ತಾಗಿ ಹೊಗೆಯಾಡುತ್ತಿತ್ತು. ಒಂದು ಮೊಳ ದೂರದಲ್ಲಿ ವೀರಮ್ಮ ಬೆನ್ನು ತಿರುಗಿಸಿ ಕುಳಿತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಘಾಟಿಗೆ ಶಿವರತ್ನಮ್ಮ ಕೆಮ್ಮಿದಳು. ಅತ್ತೆ ತಲೆಯೆತ್ತಿ, "ಯಾಕಮ್ಮಿ, ಶೀತ ಆಯ್ತಾ?" ಎಂದು ಕೇಳಿದಳು.

ಶಿವರತ್ನಮ್ಮ ಬಟ್ಟೆಯನ್ನು ನೀರಿಗೆ ಹಾಕಿದಳು. ಸಪ್ಪೆ ಸಾರು, ಸೀದ ಒಗ್ಗರಣೆ, ಎಲ್ಲಕ್ಕೂ ಒಂದೇ ಸಲಕ್ಕೆ ಅರ್ಥ ಸಿಕ್ಕಿತು. ಅತ್ತೆಯ ಮೂಗು ಸತ್ತಿದೆ. ಇಷ್ಟು ದಿನವೂ ಅವಳು ಕಣ್ಣು ಕಟ್ಟಿಕೊಂಡು ಬಂಡಿ ಹೊಡೆಯುತ್ತಿದ್ದಾಳೆ, ಯಾರಿಗೂ ಹೇಳದೆ. ಸೊಸೆಗೆ ಮೊದಲು ಬಂದದ್ದು ಭಯ. ಆಮೇಲೆ, ಗಂಡನಿಗೆ ಇದೊಂದು ಮಾತು ಹೇಳಿದರೆ ನಾಳೆಯೇ ಒಲೆ ನನ್ನದು ಎಂಬ ಯೋಚನೆಯೂ ಬಂತು. ಅವತ್ತು ಹೇಳಲಿಲ್ಲ. ಮಾರನೆಯ ದಿನ ಹೇಳೋಣ ಅಂದುಕೊಂಡಳು. ಮಾರನೆಯ ದಿನ ರೊಟ್ಟಿ ಶುರುವಾಯಿತು.

ಚಿಕ್ಕಮಾದಪ್ಪ ಎಂದಿನಂತೆ ತಟ್ಟೆ ತಳ್ಳಿ ಪಂಜಾಬಿನ ರೊಟ್ಟಿಯನ್ನು ನೆನೆದ. ಅದಕ್ಕೆ ವೀರಮ್ಮ, ಯಾರೂ ಎಣಿಸದ ಹಾಗೆ, "ಆಗ್ಲಿ, ಅದನ್ನ ಎಂಗೆ ಮಾಡ್ತಾರೆ ಏಳು ಮತ್ತೆ" ಅಂದಳು.

ಹೊಸ ತಿಂಡಿಯ ಮೇಲೆ ಅತ್ತೆಗೆ ಇದ್ದಕ್ಕಿದ್ದಂತೆ ಆಸೆ ಯಾಕೆ ಹುಟ್ಟಿತು ಅಂತ ಮಿಕ್ಕವರಿಗೆ ಗೊತ್ತಾಗಲಿಲ್ಲ. ಶಿವರತ್ನಮ್ಮನಿಗೆ ಗೊತ್ತಾಯಿತು. ಸಾರು ಹೇಗಿರಬೇಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ರೊಟ್ಟಿ ಹೇಗಿರಬೇಕೆಂದು ಯಾರಿಗೆ ಗೊತ್ತು? ಗೊತ್ತಿಲ್ಲದ ಅಡುಗೆ ಕೆಟ್ಟಿತು ಅನ್ನುವ ಬಾಯಿ ಇಲ್ಲ. ಮುದುಕಿಯ ಉಪಾಯಕ್ಕೆ ಸೊಸೆ ಮನಸ್ಸಿನಲ್ಲೇ ಕೈಮುಗಿದಳು.

ಆದರೆ ಗೊತ್ತಿದ್ದವನೊಬ್ಬ ಇದ್ದನಲ್ಲ. ಚಿಕ್ಕಮಾದಪ್ಪನಿಗೆ ತಿಂದು ಗೊತ್ತು, ಮಾಡಿ ಗೊತ್ತಿಲ್ಲ. "ನೆಲದಾಗೆ ಒಂದು ದೊಡ್ಡ ಮಡಕೆ ಊತಿರ್ತಾರೆ. ಅದರೊಳಗೆ ಬೆಂಕಿ. ರೊಟ್ಟಿ ತಟ್ಟಿ ಒಳಗಡೆ ಗೋಡೆಗೆ ಪಟ್ ಅಂತ ಒಡೀತಾರೆ. ಅಂಟ್ಕತದೆ" ಅಂದ.

"ಗೋಡೆಗೆ ಬೆರಣಿ ತಟ್ದಂಗಾ?"

"ಊ ಕಣವ್ವ, ಅಂಗೇ."

"ಅಂಗಾದ್ರೆ ನಂಗೆ ಬತ್ತದೆ" ಎಂದಳು ವೀರಮ್ಮ.

ಶಿವರತ್ನಮ್ಮ ಗೋಧಿಯನ್ನೂ ಕಡಲೆಬೇಳೆಯನ್ನೂ ಬೀಸಿದಳು. ಹಿತ್ತಲಲ್ಲಿ ಹಳೆಯ ನೀರಿನ ಹಂಡೆಯೊಂದನ್ನು ಮಲಗಿಸಿ ಒಳಗೆ ಸೌದೆ ಉರಿಸಿದರು. ವೀರಮ್ಮ ಸೆರಗು ಕಟ್ಟಿ, ಕೈಗೆ ನೀರು ಹಚ್ಚಿ, ಬೆರಣಿ ತಟ್ಟುವ ಗತ್ತಿನಲ್ಲಿ ಒಂದು ರೊಟ್ಟಿಯನ್ನು ಒಳಗೆ ಹೊಡೆದಳು. ಅದು ಅಂಟಿಕೊಂಡಿತು. ಎಲ್ಲರೂ ಉಸಿರು ಹಿಡಿದರು. ಆಮೇಲೆ ಅದು ನಿಧಾನವಾಗಿ ಜಾರಿ ಬೂದಿಯಲ್ಲಿ ಬಿದ್ದಿತು. ಅವತ್ತು ರೊಟ್ಟಿ ತಿಂದದ್ದು ಬೀದಿಯ ನಾಯಿ. ಅದೂ ಓಮದ ಖಾರಕ್ಕೆ ಸೀನಿತು.

ಮರುದಿನದಿಂದ ಕಾವಲಿಗೆ ಬಂದರು. ಒಬ್ಬಟ್ಟು ತಟ್ಟುವ ಹಾಗೆ ಬಾಳೆಲೆಗೆ ಹುಚ್ಚೆಳ್ಳೆಣ್ಣೆ ಸವರಿ, ಮೇಲೆ ರೊಟ್ಟಿ ತಟ್ಟಿ, ಎಲೆಯ ಸಮೇತ ಕಾವಲಿಗೆ ಬೋರಲು ಹಾಕಿ ಎಲೆ ಎತ್ತುವುದು. ಮೊದಲ ದಿನಗಳ ರೊಟ್ಟಿ ಮೇಲೆ ಕೆಂಪಗೆ, ಒಳಗೆ ಕಡಲೆ ಹಿಟ್ಟು ಹಸಿಹಸಿ. ಉಪ್ಪಿನ ಕಥೆ ಕೇಳಲೇಬೇಡಿ.

"ಇದಲ್ಲ ಅವ್ವ" ಅನ್ನುತ್ತಿದ್ದ ಚಿಕ್ಕಮಾದಪ್ಪ.

"ಇದೇ ಕಣ್ಲಾ. ನಿಂಗೆ ಮರ್ತೋಗದೆ."

"ಮರೆಯೋ ರುಚಿಯಾ ಅದು?"

ಮೂರನೆಯ ವಾರದಲ್ಲಿ ಒಂದು ದಿನ ಶಿವರತ್ನಮ್ಮ ಮೊರ ಹಿಡಿದು ಬಾಗಿಲಲ್ಲಿ ನಿಂತಳು. ವೀರಮ್ಮ ಅವಳನ್ನು ನೋಡಿರಲಿಲ್ಲ. ಹಿಂದೆಲ್ಲ ಹಿಟ್ಟು, ಉಪ್ಪು, ಈರುಳ್ಳಿಯನ್ನು ಒಟ್ಟಿಗೆ ಕಲಸಿ ನೀರು ಹಾಕುತ್ತಿದ್ದವಳು ಅವತ್ತು ಹೆಚ್ಚಿದ ಈರುಳ್ಳಿಗೆ ಮಾತ್ರ ಉಪ್ಪು ಹಾಕಿ ತಿಕ್ಕಿದಳು. ಸುಮ್ಮನೆ ಕಾದಳು. ಈರುಳ್ಳಿ ಬಾಡಿ ನೀರು ಬಿಟ್ಟಿತು. ಅದನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳ ಸಂದಿಯಿಂದ ಇಳಿಯುವ ನೀರನ್ನು ಕಣ್ಣು ಮುಚ್ಚಿಕೊಂಡು ಗಮನಿಸಿದಳು. ಇನ್ನೊಂದು ಹರಳು ಉಪ್ಪು ಹಾಕಿದಳು. ಮತ್ತೆ ತಿಕ್ಕಿದಳು, ಮತ್ತೆ ಹಿಂಡಿದಳು. ಆಮೇಲೆ ಆ ನೀರು ಎಷ್ಟು ಹಿಟ್ಟನ್ನು ಹಿಡಿಯುತ್ತದೋ ಅಷ್ಟೇ ಹಿಟ್ಟು ಹಾಕಿ ಕಲಸಿದಳು, ಬೇರೆ ಒಂದು ಹನಿ ನೀರನ್ನೂ ಮುಟ್ಟಲಿಲ್ಲ. ಮೂಗಿಗೆ ಗೊತ್ತಾಗದ ಉಪ್ಪು ಕೈಗೆ ಗೊತ್ತಾಗುತ್ತಿತ್ತು.

ರೊಟ್ಟಿ ಕಾವಲಿಗೆ ಬಿತ್ತು. ವೀರಮ್ಮ ತಲೆಯನ್ನು ಓರೆ ಮಾಡಿ ಕಿವಿಯನ್ನು ಕಾವಲಿಯ ಕಡೆ ತಂದಳು. ಚುಂಯ್ ಎಂಬ ಸದ್ದು ದಪ್ಪಗಿತ್ತು, ತೆಳ್ಳಗಾಯಿತು, ನಿಂತಿತು. ನಿಂತ ಗಳಿಗೆಗೆ ಮಗುಚಿದಳು. ಆ ಕಡೆಯೂ ಹಾಗೆಯೇ ಕೇಳಿದಳು. ಒಳಗಿನ ಹಸಿ ಹೋಗುವ ತನಕ ಹಿಟ್ಟು ಮಾತಾಡುತ್ತದೆ, ಬೆಂದ ಮೇಲೆ ಸುಮ್ಮನಾಗುತ್ತದೆ. ಇದನ್ನು ಆ ವಯಸ್ಸಿನಲ್ಲಿ, ಯಾರ ಹತ್ತಿರವೂ ಕೇಳದೆ, ಬೈಸಿಕೊಂಡು ಬೈಸಿಕೊಂಡು ಕಂಡುಹಿಡಿದಿದ್ದಳು ಆ ಹೆಂಗಸು. ಶಿವರತ್ನಮ್ಮನಿಗೆ ದೇವರ ಮನೆಯ ಹೊಸಿಲ ಮೇಲೆ ನಿಂತ ಹಾಗಾಯಿತು. ಸದ್ದು ಮಾಡದೆ ಹಿಂದಕ್ಕೆ ಸರಿದಳು. ಅವತ್ತಿನ ಮೇಲೆ ಗಂಡನಿಗೆ ಹೇಳಬೇಕೆಂಬ ಯೋಚನೆ ಅವಳ ಹತ್ತಿರ ಸುಳಿಯಲಿಲ್ಲ.

ಅಂದು ಚಿಕ್ಕಮಾದಪ್ಪ ಒಂದು ತುಂಡು ಬಾಯಿಗಿಟ್ಟು ಅಗಿಯುವುದನ್ನೇ ಮರೆತ. "ಅವ್ವ!" ಅಂದ. ಸಿದ್ದಮಲ್ಲಪ್ಪ ತನ್ನ ತಟ್ಟೆಯದು ಮುಗಿಸಿ ಮೊಮ್ಮಗಳ ತಟ್ಟೆಗೆ ಕೈ ಹಾಕಿ ಬೈಸಿಕೊಂಡ. ಪುಟ್ಟಬಸಪ್ಪ ಹೊಗಳಲಿಲ್ಲ. ತಟ್ಟೆ ಮುಂದೆ ತಳ್ಳಿ, "ಇನ್ನೊಂದು ಆಕು" ಎಂದಷ್ಟೇ ಹೇಳಿದ. ಆಮೇಲೆ ಸಾರು ಕಲಸಿದ ಅನ್ನದ ಮೊದಲ ತುತ್ತಿಗೇ ಮುಖ ಹಿಂಡಿದ. "ರೊಟ್ಟಿಗೆ ಸರಿಯಾಗಿ ಬೀಳೋ ಉಪ್ಪು ಸಾರಿಗೆ ಯಾಕೆ ಬೀಳಕಿಲ್ಲ? ನಮ್ಮ ಮ್ಯಾಲೆ ಅಟಕ್ಕೆ ಮಾಡ್ತಾ ಇದ್ದೀಯಾ?" ಎಂದು ಕೂಗಾಡಿದ. ವೀರಮ್ಮ ಇನ್ನೊಂದು ರೊಟ್ಟಿ ತಟ್ಟಿದಳು.

ಕಾರ್ತಿಕ ಬಂತು. ಪ್ರತಿ ವರ್ಷವೂ ಕಾರ್ತಿಕದ ಒಂದು ಸೋಮವಾರ ಹನೂರಿನ ಕಡೆಯ ಮಠದ ಸ್ವಾಮಿಗಳಾದ ಬುದ್ಧಿಯವರನ್ನು ಮನೆಗೆ ಕರೆದು ಪಾದಪೂಜೆ ಮಾಡಿ ಊಟಕ್ಕಿಡುವುದು ಆ ಮನೆಯ ನಡೆ. ವೀರಮ್ಮ ಮದುವೆಯಾಗಿ ಬಂದ ವರ್ಷದಿಂದ ಅದರ ಅಡುಗೆ ಅವಳದು. ಬುದ್ಧಿಯವರು ಉಂಡ ಮೇಲೆಯೇ ಮನೆಯವರ ಬಾಯಿಗೆ ಅನ್ನ. ಅಲ್ಲಿ ಉಪ್ಪು ತಪ್ಪಿದರೆ ಸರಿಮಾಡಲು ಎಡೆಯೇ ಇಲ್ಲ. ಬುದ್ಧಿಯವರ ಜೊತೆ ಊರಿನ ಹಿರಿಯರೂ ಪಂಕ್ತಿಯಲ್ಲಿ ಕೂರುತ್ತಾರೆ.

"ಈ ಸಲ ಅವ್ವ ಒಲೆ ಮುಟ್ಟಬಾರದು" ಎಂದ ಪುಟ್ಟಬಸಪ್ಪ, ಎಲ್ಲರೂ ಕೇಳುವ ಹಾಗೆ.

ವೀರಮ್ಮ ಸೌಟು ಕೆಳಗಿಟ್ಟು ಪಡಸಾಲೆಗೆ ಬಂದಳು. "ಯಾಕ್ಲಾ? ನಾನೇನು ಮೈಲಿಗೆಯಾ?"

"ಮೈಲಿಗೆ ಅಂತ ಯಾರಂದ್ರು? ಬುದ್ಯೋರ ಮುಂದೆ ನಮ್ಮ ಮರ್ವಾದೆ ಓಯ್ತದೆ."

"ನಿಮ್ಮಪ್ಪನ ಮರ್ವಾದೆ ಇಷ್ಟು ವರ್ಸ ಕಾಪಾಡಿದ್ದು ಈ ಕೈಯೇ ಕಣಪ್ಪ."

"ಆಗ ಕಾಪಾಡ್ತು. ಈಗ ಕೈ ಕೆಟ್ಟದೆ."

ಆ ಮಾತಿಗೆ ಸಿದ್ದಮಲ್ಲಪ್ಪ ಎದ್ದು ನಿಂತ. ಜನ್ಮದಲ್ಲಿ ದನಿ ಎತ್ತದವನು, "ಬಸಪ್ಪಾ!" ಎಂದು ಗುಡುಗಿದ. ವೀರಮ್ಮ ಗಂಡನಿಗೆ ಕೂರಲು ಕೈಮಾಡಿ ಮಗನ ಮುಖ ನೋಡಿದಳು. "ಸಾರು, ಪಲ್ಯ, ಅನ್ನ ಎಲ್ಲಾನೂ ರತ್ನನೇ ಮಾಡ್ಲಿ. ರೊಟ್ಟಿ ನಾನು ಮಾಡ್ತೀನಿ. ಅದು ಕೆಟ್ರೆ ಅವತ್ತೇ ಒಲೆ ಬುಟ್ಟು ಎದ್ದು ಬತ್ತೀನಿ, ತಿರುಗಿ ಅದರ ಮುಂದೆ ಕೂರಕಿಲ್ಲ. ಸಾಕಾ?"

"ಬುದ್ಯೋರಿಗೆ ಈರುಳ್ಳಿ ಆಗಕಿಲ್ಲ" ಎಂದ ಪುಟ್ಟಬಸಪ್ಪ.

ವೀರಮ್ಮನ ಉಪ್ಪಿನ ತಕ್ಕಡಿಯೇ ಈರುಳ್ಳಿ. ಅದು ಗೊತ್ತಿದ್ದದ್ದು ಶಿವರತ್ನಮ್ಮ ಒಬ್ಬಳಿಗೆ. "ಸೌತೆಕಾಯಿ ತುರಿದು ಆಕ್ತೀನಿ" ಎಂದು ಹೇಳಿ ವೀರಮ್ಮ ಒಳಗೆ ಹೋದಳು.

ಸೋಮವಾರ ಬೆಳಗಿನಿಂದ ಮನೆ ತುಂಬ ವಿಭೂತಿ, ಹೂವು, ಸಾರಿಸಿದ ನೆಲದ ತಂಪು. ಶಿವರತ್ನಮ್ಮ ಸಾರು, ಪಲ್ಯ ಮಾಡಿದಳು. ತಪ್ಪಿದರೆ ಅಂತ ಎಲ್ಲಕ್ಕೂ ಉಪ್ಪನ್ನು ಒಂದು ಹರಳು ಹಿಂದಿಟ್ಟೇ ಹಾಕಿದ್ದಳು. ಬುದ್ಧಿಯವರು ಬಂದು ಪೂಜೆಗೆ ಕುಳಿತರು. ರೊಟ್ಟಿ ಬಿಸಿಯಾಗಿಯೇ ಬೀಳಬೇಕೆಂದು ವೀರಮ್ಮ ಆಗ ಹಿಟ್ಟಿಗೆ ಕೈಹಾಕಿದಳು.

ಸೌತೆಕಾಯಿ ತುರಿಗೆ ಉಪ್ಪು ಬಿದ್ದದ್ದೇ ತಡ, ನೀರು ಸುರಿಯತೊಡಗಿತು. ಈರುಳ್ಳಿ ಕಾಯಿಸಿ ಕಾಯಿಸಿ ಕೊಡುವ ನೀರನ್ನು ಇದು ಕೇಳದೆಯೇ ಕೊಟ್ಟಿತು. ಹಿಂಡಿದಳು, ಮತ್ತೆ ಬಂತು. ಹಿಟ್ಟು ಹಾಕಿದಳು, ನೀರಾಯಿತು. ಮತ್ತೆ ಹಿಟ್ಟು, ಮತ್ತೆ ನೀರು. ಪಾತ್ರೆಯಲ್ಲಿ ಹಿಟ್ಟು ಏರುತ್ತಾ ಹೋಯಿತು, ಉಪ್ಪಿನ ಲೆಕ್ಕ ಕೈಬಿಟ್ಟು ಹೋಯಿತು. ವೀರಮ್ಮ ಮುಷ್ಟಿ ಬಿಚ್ಚಿ ಅಂಗೈ ನೋಡಿಕೊಂಡಳು. ಆ ಕೈ ಏನೂ ಹೇಳುತ್ತಿರಲಿಲ್ಲ.

ಪೂಜೆಯ ಗಂಟೆ ನಿಂತಿತು. ಎಲೆ ಹಾಕಲು ಕೇಳಲು ಪುಟ್ಟಬಸಪ್ಪ ಬಾಗಿಲಿಗೆ ಬಂದ. ತಾಯಿ ಹಿಟ್ಟಿನ ಮುಂದೆ ಕೈಕಟ್ಟಿ ಕುಳಿತದ್ದನ್ನು ನೋಡಿ ಅಲ್ಲೇ ನಿಂತ. ಅವನು ನಿಂತದ್ದು ವೀರಮ್ಮನಿಗೆ ಕಾಣಿಸಿತು. ಕಂಡೂ ಅವಳು ಸೊಸೆಯನ್ನು ಕರೆದಳು.

"ರತ್ನ, ಬಾ ಇಲ್ಲಿ. ಈ ಇಟ್ಟಿನ ವಾಸನೆ ನೋಡು. ನನ್ನ ಮೂಗು ಓಗ್ಬುಟ್ಟದೆ ಕಣಮ್ಮಿ. ಜರ ಬಂದಾಗಿಂದ ಒಂದು ವಾಸನೆಯೂ ಇಲ್ಲ, ಊವಿಂದೂ ಇಲ್ಲ, ಸಗಣೀದೂ ಇಲ್ಲ. ಉಪ್ಪು ಅದೆಯೋ ಇಲ್ವೋ ಏಳು."

ಆ ಮನೆಯಲ್ಲಿ ವೀರಮ್ಮ ತನ್ನ ಅಡುಗೆ ಸರಿಯಾಗಿದೆಯೇ ಎಂದು ಯಾರನ್ನಾದರೂ ಕೇಳಿದ್ದು ಅದೇ ಮೊದಲು. ಪುಟ್ಟಬಸಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಶಿವರತ್ನಮ್ಮ ಪಾತ್ರೆಯ ಮೇಲೆ ಬಾಗಿದಳು. ಓಮ ಬಂತು, ಜೀರಿಗೆ ಬಂತು, ಹಸಿಮೆಣಸಿನಕಾಯಿ ಬಂತು. ಉಪ್ಪು ಬರಲಿಲ್ಲ. ಹೂಂ ಅಂದುಬಿಡಬಹುದಿತ್ತು, ಉಹೂಂ ಅಂದುಬಿಡಬಹುದಿತ್ತು. ಎರಡಕ್ಕೂ ಅವಳಿಗೆ ನಾಲಿಗೆ ಏಳಲಿಲ್ಲ.

"ನಂಗೆ ಗೊತ್ತಾಗಕಿಲ್ಲ ಅತ್ತೆ. ಉಪ್ಪಿನ ವಾಸನೆ ನಂಗೆ ತಿಳಿಯಾಕಿಲ್ಲ. ನೀವು ಕಲಿಸ್ನಿಲ್ಲ" ಎಂದಳು. ಹೇಳಿದ ಮೇಲೆ ಕಣ್ಣು ತುಂಬಿತು.

ವೀರಮ್ಮ ಅವಳನ್ನು ದಿಟ್ಟಿಸಿದಳು. ಆಮೇಲೆ ಪಕ್ಕಕ್ಕೆ ಸರಿದು ಒಲೆಯ ಮುಂದೆ ಜಾಗ ಮಾಡಿದಳು. "ಕೂತ್ಕೋ. ಹಸಿ ಇಟ್ಟಲ್ಲಿ ನಂಗೂ ಗೊತ್ತಾಗ್ತಿರನಿಲ್ಲ. ಬಿಸಿ ಆಗ್ಬೇಕು" ಎಂದು ಒಂದು ಸಣ್ಣ ರೊಟ್ಟಿ ತಟ್ಟಿ ಕಾವಲಿಗೆ ಹಾಕಿದಳು. ತಲೆ ಓರೆ ಮಾಡಿ ಕಿವಿಗೊಟ್ಟಳು. "ಮೊದಲು ಬರೋ ಹಬೆ ನೀರಿಂದು, ಅದು ಬ್ಯಾಡ. ಸದ್ದು ತೆಳ್ಳಗಾಗ್ತದಲ್ಲ, ಆಗ ಬರೋದು. ಊ, ಈಗ. ಈಗ ಎಳ್ಕೋ. ಏನು ಬತ್ತದೆ?"

"ನೆನೆಸಿದ ಅವಲಕ್ಕಿ ಇದ್ದಂಗದೆ."

"ಅಂಗಾದ್ರೆ ಉಪ್ಪು ಕಮ್ಮಿ." ವೀರಮ್ಮ ಉಪ್ಪು ಹಾಕಿ ನಾದಿ ಇನ್ನೊಂದು ತಟ್ಟಿದಳು. "ಈಗ?"

ಶಿವರತ್ನಮ್ಮ ಕಣ್ಣು ಮುಚ್ಚಿದಳು. ಅತ್ತೆ ಸದ್ದು ಕೇಳಿ "ಈಗ" ಅಂದ ಗಳಿಗೆಗೆ ಉಸಿರೆಳೆದಳು. ಅವಲಕ್ಕಿ ಹೋಗಿತ್ತು. ಹುರಿದ ಕಡಲೆಯ ಘಮ ಬಂತು, ಅದರ ಹಿಂದೆಯೇ ಮೂಗಿನ ಬುಡದಲ್ಲಿ ಸಣ್ಣಗೆ ಏನೋ ಎಳೆದು ಬಾಯಲ್ಲಿ ನೀರೂರಿತು. "ಅತ್ತೆ, ಮೂಗಿನ ಬುಡ ಎಳೀತದೆ. ಬಾಯಿ ನೀರೂರ್ತದೆ" ಎಂದಳು, ಬೆರಗಿನಿಂದ.

"ಅದೇ ಕಣಮ್ಮಿ ಉಪ್ಪು" ಎಂದಳು ವೀರಮ್ಮ. ಬಾಗಿಲಲ್ಲಿ ನಿಂತ ಮಗನಿಗೆ, "ಏನ್ಲಾ ನೋಡ್ತಿದ್ದೀಯ? ಎಲೆ ಆಕು ಓಗು" ಎಂದು ಗದರಿದಳು.

ಬುದ್ಧಿಯವರು ಊಟ ಮಾಡುವಾಗ ಮಾತಾಡುವವರಲ್ಲ. ಪ್ರಸಾದ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದು ಅವರ ಪದ್ಧತಿಯಲ್ಲಿ ಇಲ್ಲ. ಎಲೆಗೆ ಬಿದ್ದದ್ದನ್ನೆಲ್ಲ ಶಾಂತವಾಗಿ ಉಂಡು, ಎಲ್ಲರಿಗೂ ವಿಭೂತಿ ಕೊಟ್ಟು, ಗಾಡಿ ಹತ್ತಿ ಹೋದರು. ಪಂಕ್ತಿಯಲ್ಲಿ ಕುಳಿತಿದ್ದ ಹಿರಿಯರು ಮಾತ್ರ ಹೊರಡುವಾಗ ಸಿದ್ದಮಲ್ಲಪ್ಪನನ್ನು ಪಕ್ಕಕ್ಕೆ ಕರೆದು ಆ ರೊಟ್ಟಿ ಯಾವ ಸೀಮೆಯದು ಎಂದು ವಿಚಾರಿಸಿದರು. ಸಿದ್ದಮಲ್ಲಪ್ಪ ಮೀಸೆ ತಿರುವಿ, "ನಮ್ಮ ವೀರಮ್ಮನ ಸೀಮೇದು" ಎಂದ.

ಆಮೇಲೆ ಮನೆಯವರು ಊಟಕ್ಕೆ ಕುಳಿತರು. ಪುಟ್ಟಬಸಪ್ಪ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ.

"ನಂಗ್ಯಾಕೆ ಏಳ್ನಿಲ್ಲ ಅವ್ವ?"

"ನೀನು ಕೇಳ್ದ್ಯಾ? ಉಪ್ಪು ಎಲ್ಲಿ ಅಂತ ದಿನಾ ಕೇಳ್ದೆ. ಮೂಗು ಎಲ್ಲಿ ಅಂತ ಒಂದು ದಿನ ಕೇಳ್ದ್ಯಾ?"

ಪುಟ್ಟಬಸಪ್ಪ ತಲೆ ತಗ್ಗಿಸಿದ. ಚಿಕ್ಕಮಾದಪ್ಪ, ಸಿದ್ದಮಲ್ಲಪ್ಪ ಇಬ್ಬರೂ ಎಲೆಯನ್ನೇ ನೋಡಿದರು. ಅವರೂ ಕೇಳಿರಲಿಲ್ಲ. ವೀರಮ್ಮನಿಗೆ ಗೆಲುವೂ ಆಗಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಮಗನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು. ಸೊಸೆಯ ಕಡೆ ತಿರುಗಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ದನಿಯಲ್ಲಿ ಹೇಳಿದಳು.

"ನೋಡಮ್ಮಿ, ನಾಳೆಯಿಂದ ಸಾರಿನ ಮಡಕೆ ನಿಂದು, ಅನ್ನದ ತಪ್ಪಲೆ ನಿಂದು. ಕಾವಲಿ ನಂದು. ಅದರ ತಂಟೆಗೆ ಬರಬ್ಯಾಡ."

"ಊ ಅತ್ತೆ" ಎಂದಳು ಶಿವರತ್ನಮ್ಮ. ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಅವಳಿಗೆ ಮೊದಲು ಕಾಣಿಸಿದ್ದು ಅತ್ತೆಯ ಖಾಲಿ ಕೈ. ಬಾಗಿ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಮಾರನೆಯ ದಿನ ಅವಳು ಅವರೆಕಾಳಿನ ಸಾರು ಮಾಡಿದಳು. ಹೆದರಿಕೆಯಿಂದ ಮಾಡಿದ ಸೋಮವಾರದ ಅಡುಗೆಯಂತಲ್ಲ, ಇದು ತನ್ನ ಮಡಕೆಯಲ್ಲಿ ಮಾಡಿದ್ದು. ಕುದಿಯುವಾಗ ಮೇಲೆ ಬಾಗಿ ಹಬೆ ಎಳೆದುಕೊಂಡಳು. ಮೂಗಿನ ಬುಡ ಎಳೆಯಿತು. ಎಳೆಯಿತು ಅಂದುಕೊಂಡಳು. ಗಂಡಸರು ಉಂಡರು. ಸಿದ್ದಮಲ್ಲಪ್ಪ "ಭೇಷ್" ಅಂದ. ಪುಟ್ಟಬಸಪ್ಪ, ಹಿಂದಿನ ದಿನದ ನಾಚಿಕೆ ಇನ್ನೂ ಆರದವನು, "ಎಲ್ಲಾ ಸರಿಯಾಗಿ ಅದೆ" ಎಂದು ಎರಡು ಸಲ ಬಡಿಸಿಕೊಂಡ.

ಕೊನೆಗೆ ವೀರಮ್ಮ ಕುಳಿತಳು. ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಕಮ್ಮಿ" ಎಂದಳು.

ಪುಟ್ಟಬಸಪ್ಪ ನಕ್ಕುಬಿಟ್ಟ. "ಅವ್ವ, ಸುಮ್ನಿರು. ನಿಂಗೆ ಎಂಗೆ ಗೊತ್ತಾಯ್ತದೆ?"

"ಓಗಿರಾದು ಮೂಗು ಕಣ್ಲಾ. ನಾಲ್ಗೆ ಓಗಿಲ್ಲ."

ಶಿವರತ್ನಮ್ಮ ಮಡಕೆಯ ತಳದಲ್ಲಿ ಉಳಿದ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು. ಕಮ್ಮಿಯೇ ಇತ್ತು. ಗಂಡನನ್ನೂ ಮಾವನನ್ನೂ ಒಮ್ಮೆ ನೋಡಿ, ಉಪ್ಪಿನ ಗಡಿಗೆಯನ್ನು ತಂದು ಅತ್ತೆಯ ತಟ್ಟೆಯ ಪಕ್ಕದಲ್ಲಿಟ್ಟು, ಅವಳ ಮುಂದೆ ಕುಳಿತುಕೊಂಡಳು.

"ಎಷ್ಟು ಕಮ್ಮಿ ಅತ್ತೆ?" ಎಂದು ಕೇಳಿದಳು.